ನಾವು ಬರುವ ಮುಂಚೆ ಏನು ಹಾಕಿದ್ದೀರಿ?

ಕ್ಲೀನಿಂಗ್‌ನವರು ನಾಳೆ ಬರುತ್ತಾರೆ ಎಂದು ಗೊತ್ತಾದರೆ ಸಾಕು, ಎಷ್ಟೋ ಜನ ಹಿಂದಿನ ರಾತ್ರಿಯೇ ಒಂದಷ್ಟು ಕ್ಲೀನ್ ಮಾಡಿಬಿಡುತ್ತಾರೆ. ಹೊರಗಿನವರು ನಮ್ಮ ಮನೆಯ ಕೊಳೆ ನೋಡಬಾರದು ಅಂತ. ಮನೆ ಎಷ್ಟು ಹಾಳಾಗಿರುತ್ತದೋ ಈ ಗಾಬರಿ ಅಷ್ಟು ಜಾಸ್ತಿ. ನಾನು ಬೆಂಗಳೂರಿನಲ್ಲಿ ಡೀಪ್ ಕ್ಲೀನಿಂಗ್ ಟೀಮಿನ ಸೂಪರ್‌ವೈಸರ್. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆದರೆ ಈ ನಾಚಿಕೆಯಿಂದ ಒಬ್ಬರ ಉಸಿರೇ ಕಟ್ಟಬಹುದು ಎಂದು ಗೊತ್ತಾಗಿದ್ದು ನನ್ನ ಗೆಳತಿಯ ಮನೆಯಲ್ಲಿ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹನುಮಂತನಗರದಲ್ಲಿ ಅವಳ ಅಪ್ಪ ಕಟ್ಟಿಸಿದ ಹಳೇ ಮನೆ. ಅಮ್ಮನಿಗೆ ಲಕ್ವ ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಇವಳೊಬ್ಬಳೇ ನೋಡಿಕೊಂಡಳು. ಬೆಳಿಗ್ಗೆ ಆಯಾಗೆ ಒಪ್ಪಿಸಿ ಆಫೀಸು, ಸಂಜೆ ಬಂದು ಅಮ್ಮನ ಕೆಲಸ. ಅಮ್ಮ ಹೋದ ಮೇಲೆ ಕೈಕಾಲೇ ಆಡಲಿಲ್ಲವಂತೆ. ಒಂದು ರೂಮಿನ ಬಾಗಿಲು ಹಾಕಿದಳು. ಆಮೇಲೆ ಇನ್ನೊಂದು. ಕೊನೆಗೆ ಹಾಲಿನ ಸೋಫಾದ ಒಂದು ಮೂಲೆಯಲ್ಲಿ ಮಲಗುತ್ತಿದ್ದಳು. ನಮ್ಮನ್ನೆಲ್ಲ ಹೊರಗೆ ಹೋಟೆಲಿನಲ್ಲಿ ಭೇಟಿಯಾಗುತ್ತಿದ್ದಳು, ಮನೆಗೆ ಕರೆಯುತ್ತಿರಲಿಲ್ಲ. ಒಂದು ದಿನ ಫೋನ್ ಮಾಡಿ, "ಸಿಲಿಂಡರ್ ತಂದವನು ಒಳಗೆ ಬರಲಿಲ್ಲ ಕಣೇ, ಬಾಗಿಲಲ್ಲೇ ಇಟ್ಟು ಹೋದ" ಎಂದಳು. ಅಷ್ಟು ಹೇಳಿ ಅಳೋಕೆ ಶುರು ಮಾಡಿದಳು.

ಕಂಪನಿ ಮೂಲಕ ಬುಕ್ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮ ಆ್ಯಪ್‌ನಲ್ಲಿ ಟು ಬಿಎಚ್‌ಕೆ ಎಂದರೆ ಮೂರು ಜನ, ಆರು ಗಂಟೆ. ಅದರಲ್ಲಿ ಜನ ಸಂಸಾರ ಮಾಡುತ್ತಿರುವ ಅಚ್ಚುಕಟ್ಟಾದ ಮನೆಯೂ ಒಂದೇ, ಇಲಿ ಓಡಾಡುವ ಮನೆಯೂ ಒಂದೇ. ಬಿಫೋರ್, ಆಫ್ಟರ್ ಫೋಟೋ ಹಾಕದಿದ್ದರೆ ಜಾಬ್ ಕ್ಲೋಸ್ ಆಗುವುದಿಲ್ಲ. ಅವಳ ಮನೆಯ ಆ ಸ್ಥಿತಿಯ ಫೋಟೋ ಯಾವುದೋ ಸರ್ವರ್‌ನಲ್ಲಿ ಕೂರುವುದು ನನಗೆ ಬೇಕಿರಲಿಲ್ಲ. ಹಾಗಾಗಿ ವಾರದ ರಜೆ ನೋಡಿಕೊಂಡು ಹೋದೆವು. ಮೆಷಿನ್‌ಗೆ ಸ್ಟೋರ್‌ನಲ್ಲಿ ಪರ್ಮಿಷನ್ ತಗೊಂಡೆ, ಕೆಮಿಕಲ್‌ಗೆ ದುಡ್ಡು ಕಟ್ಟಿದೆ. ನಮ್ಮ ಟೀಮಿನ ದೊಡ್ಡಕ್ಕ ಮತ್ತು ಒಬ್ಬ ಹುಡುಗ ಬಂದರು, ಇಬ್ಬರಿಗೂ ದಿನದ ಕೂಲಿ ಮೊದಲೇ ಮಾತಾಡಿದ್ದೆ. ಸ್ನೇಹಕ್ಕೆ ಪುಕ್ಕಟೆ ಕೆಲಸ ನಾನು ಮಾಡಬಹುದು. ಅವರ ಕೈಲಿ ಮಾಡಿಸುವುದು ತಪ್ಪು.

ಬಾಗಿಲು ತೆಗೆದಾಗ ಬಂದ ವಾಸನೆಯಲ್ಲಿ ಎಲ್ಲ ಇತ್ತು. ಇಲಿ, ಹಳೇ ಅನ್ನ, ಅಮ್ಮನ ರೂಮಿನ ಮುಗ್ಗಲು, ಅದರ ಮೇಲೆ ಧಾರಾಳವಾಗಿ ಸುರಿದ ಫಿನಾಯಿಲ್. ಗೆಳತಿ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ನಮಗೆ ಕಾಫಿ ಮಾಡಲು ಲೋಟ ಹುಡುಕುತ್ತಿದ್ದಳು. ಪ್ರತಿ ಸೈಟ್‌ನಲ್ಲೂ ನಾನು ಕೆಮಿಕಲ್ ಬಗ್ಗೆ ಕೇಳಿಯೇ ಕೆಲಸ ಹಂಚುತ್ತೇನೆ. ಇಲ್ಲಿ ಕೇಳಲಿಲ್ಲ. ಬಂದ ತಕ್ಷಣ ಬಾತ್‌ರೂಮ್ ವಿಚಾರಣೆ ಶುರು ಮಾಡಿದರೆ ಅವಳಿಗೆ ಮುಜುಗರ ಆಗುತ್ತದೆ ಎಂದುಕೊಂಡೆ. ಹುಡುಗನಿಗೆ ಆರ್‌6 ಎಂಬ ಟಾಯ್ಲೆಟ್ ಕ್ಲೀನರ್ ಕೊಟ್ಟು ಬಾತ್‌ರೂಮಿಗೆ ಕಳಿಸಿದೆ. ದೊಡ್ಡಕ್ಕ ಹಿತ್ತಲ ಕಡೆ, ನಾನು ಅಡುಗೆಮನೆಗೆ.

ಅಲ್ಲಿ ನಾನು ಗ್ಯಾಸ್ ಪೈಪ್ ನೋಡುತ್ತಿದ್ದೆ. ಆ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ಮೇಲೆ ಅಚ್ಚಾಗಿದ್ದ ವರ್ಷ ಯಾವಾಗಲೋ ದಾಟಿತ್ತು. ಅಷ್ಟರಲ್ಲಿ ಬಾತ್‌ರೂಮಿನಿಂದ ಒಂದು ಕೆಮ್ಮು ಕೇಳಿತು. ನಮ್ಮ ಕೆಲಸದಲ್ಲಿ ಕೆಮ್ಮು ಮಾಮೂಲಿ, ತಿರುಗಿ ನೋಡಲಿಲ್ಲ. ಎರಡನೇ ಕೆಮ್ಮು ಬೇರೆ ಥರ ಇತ್ತು. ಕೆಮ್ಮಿದ ಮೇಲೆ ಉಸಿರು ಒಳಗೆ ಹೋಗಬೇಕಲ್ವಾ, ಆ ಸದ್ದೇ ಬರಲಿಲ್ಲ. ಪ್ಯಾಸೇಜ್‌ಗೆ ಬರುವಷ್ಟರಲ್ಲಿ ನನ್ನ ಮೂಗಿಗೂ ಬಡಿಯಿತು. ಈಜುಕೊಳದ ನೀರಿನ ವಾಸನೆ, ಅದಕ್ಕಿಂತ ಎಷ್ಟೋ ಪಟ್ಟು ಖಾರ.

"ಎಲ್ಲ ಬಿಟ್ಟು ಹೊರಗೆ ಬಾ!" ಎಂದು ಕೂಗಿದೆ.

"ಒಂದು ನಿಮಿಷ ಅಕ್ಕಾ, ಸ್ಕ್ರಬ್ ಮುಗಿಸಿ ಬರ್ತೀನಿ. ಮಾಸ್ಕ್ ಇದೆಯಲ್ಲ" ಎಂದ, ಅರ್ಧ ಕೆಮ್ಮಿನಲ್ಲಿ.

ಆ ಮಾತು ಈಗಲೂ ನನ್ನನ್ನು ಕಾಡುತ್ತದೆ. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ. ಗ್ಯಾಸನ್ನು ತಡೆಯುವುದಿಲ್ಲ. ಟ್ರೈನಿಂಗ್‌ನಲ್ಲಿ ನಾವು ಮಾಸ್ಕ್ ಹಾಕಿ, ಮಾಸ್ಕ್ ಹಾಕಿ ಎಂದು ಇಷ್ಟೆಲ್ಲ ಹೇಳಿದ್ದೇವೆ, ಆದರೆ ಅದು ಯಾವುದಕ್ಕೆ ಉಪಯೋಗಕ್ಕೆ ಬರಲ್ಲ ಅನ್ನುವುದನ್ನು ಒಮ್ಮೆಯೂ ಹೇಳಿಲ್ಲ. ಸಾಲದ್ದಕ್ಕೆ ಕ್ಲೋರಿನ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಉಳಿಯುತ್ತದೆ. ಅವನು ಕಮೋಡ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮೇಲಿನ ವೆಂಟಿಲೇಟರ್‌ಗೆ ಇಲಿ ಬರಬಾರದು ಎಂದು ಪೇಪರ್ ತುರುಕಿತ್ತು.

ಉಸಿರು ಬಿಗಿಹಿಡಿದು ಬಾಗಿಲಿನಿಂದಲೇ ಅವನ ಕಾಲರ್ ಹಿಡಿದು ಎಳೆದೆ. ದೊಡ್ಡಕ್ಕ ಹಿತ್ತಲ ಬಾಗಿಲು, ಮುಂಬಾಗಿಲು ಎರಡನ್ನೂ ಪೂರ್ತಿ ತೆಗೆದರು. ಗೆಳತಿ ಹಾಲಿನಲ್ಲಿ ಲೋಟ ಹಿಡಿದುಕೊಂಡು ನಿಂತೇ ಇದ್ದಳು, ಅವಳನ್ನೂ ಎಳೆದುಕೊಂಡು ಬಂದೆವು. ಕಾಂಪೌಂಡಿನ ನಲ್ಲಿ ಕೆಳಗೆ ಅವನ ಕಣ್ಣಿಗೆ ನೀರು ಬಿಡುತ್ತಾ ಇದ್ದಾಗ ಅವಳು ಮೆಲ್ಲಗೆ ಹೇಳಿದಳು: "ರಾತ್ರಿ ನಾನು ಬ್ಲೀಚಿಂಗ್ ಪೌಡರ್ ಹಾಕಿದ್ದೆ. ಪೂರ್ತಿ ಪ್ಯಾಕೆಟ್. ನೀವು ನೋಡೋ ಮುಂಚೆ ಸ್ವಲ್ಪ ಬೆಳ್ಳಗೆ ಆಗಲಿ ಅಂತ."

ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್. ಹೆಚ್ಚಿನ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ ತಾನೇ. ಎರಡೂ ಸೇರಿದರೆ ಬರುವುದು ಕ್ಲೋರಿನ್. ಅಂಗಡಿಯಲ್ಲಿ ಎರಡೂ ಒಂದೇ ರ್‍ಯಾಕ್‌ನಲ್ಲಿ ಸಿಗುತ್ತವೆ.

ಹುಡುಗ ಸ್ವಲ್ಪ ಸುಧಾರಿಸಿಕೊಂಡ ತಕ್ಷಣ ಕೇಳಿದ್ದು, "ಹೋಗಿ ಫ್ಲಶ್ ಮಾಡಿ ಬರಲಾ ಅಕ್ಕಾ?" ಬೇಡ ಎಂದೆ. ಒಳಗೆ ಯಾರೂ ಹೋಗಲಿಲ್ಲ, ಮನೆ ಗಾಳಿಯಾಡಲಿ ಎಂದು ಬಿಟ್ಟೆವು. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಗ ಸರಿಯಾಗಿದ್ದೇನೆ ಎಂದು ಅವನು ಹೇಳುತ್ತಲೇ ಇದ್ದ. ಆದರೆ ಕ್ಲೋರಿನ್ ಉಸಿರಾಡಿದವರಿಗೆ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಇರುತ್ತದೆ. ಡಾಕ್ಟರು ಅದನ್ನೇ ಹೇಳಿ ಸಂಜೆವರೆಗೆ ಕೂರಿಸಿಕೊಂಡರು. ದೇವರ ದಯೆ, ಏನೂ ಆಗಲಿಲ್ಲ. ಆ ಸಂಜೆ ಬೆಂಚಿನ ಮೇಲೆ ಕೂತಿದ್ದಾಗ ಅವನ ಅಮ್ಮ ಅವನಿಗೆ ಎರಡು ಸಲ ಫೋನ್ ಮಾಡಿದರು. ರಜೆಯ ದಿನ ಎಲ್ಲಿದ್ದೀಯ ಎಂದು. ಗೆಳೆಯರ ಜೊತೆ ಇದ್ದೇನೆ ಎಂದ.

ಅವತ್ತಿಗೆ ಕೆಲಸ ನಿಂತಿತು. ಮುಂದಿನ ರಜೆಗೆ ಮತ್ತೆ ಹೋದೆವು. ಅವನೂ ಬಂದ, ಬೇಡ ಎಂದರೂ. ನಾವು ಬಾತ್‌ರೂಮಿಗೆ ಬರೀ ನೀರು ಹೊಡೆದು, ಒಣಗಲು ಬಿಟ್ಟು, ಆಮೇಲೆ ಸೋಪ್ ಮತ್ತು ಸ್ಕ್ರೇಪರ್‌ನಲ್ಲೇ ಉಜ್ಜಿದೆವು. ಹೊತ್ತು ಹಿಡಿಯಿತು, ಆದರೆ ಬಂತು. ಇಲಿ ಹಿಕ್ಕೆ ಇರುವ ಕಡೆ ಪೊರಕೆ ಹಿಡಿಯಲೇ ಇಲ್ಲ. ಒಣಗಿದ್ದನ್ನು ಗುಡಿಸಿದರೆ ಧೂಳಾಗಿ ಮೇಲೆ ಏಳುತ್ತದೆ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು, ಗ್ಲೌಸ್ ಹಾಕಿ ಪೇಪರ್‌ನಲ್ಲಿ ಎತ್ತಿದೆವು. ಇಲಿ ಜ್ವರ ಇಲಿಯ ಮೂತ್ರದಿಂದ ಬರುತ್ತದೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಈ ಬ್ಲೀಚ್ ಬಾಟಲಿ ಮತ್ತು ಆರ್‌6 ಎರಡನ್ನೂ ಒಂದೇ ದಿನ ಆ ಮನೆಯೊಳಗೆ ತರಲಿಲ್ಲ. ಅಮ್ಮನ ಇನ್ಸುಲಿನ್ ಸೂಜಿಗಳು ಒಂದು ಕವರಿನಲ್ಲಿ ಹಾಗೇ ಇದ್ದವು. ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಮುಚ್ಚಳ ಬಿಗಿದು, ಮೇಲೆ ಬರೆದು ಕೊಟ್ಟೆವು. ಉಳಿದ ಡೈಪರ್‌ಗಳನ್ನು ಪೇಪರ್‌ನಲ್ಲಿ ಸುತ್ತಿ ಕೆಂಪು ಗುರುತು ಹಾಕಿದೆವು. ಕಸದ ಆಟೋದವರು ಬರಿಗೈಯಲ್ಲಿ ವಿಂಗಡಿಸುವುದನ್ನು ನಾವೆಲ್ಲ ದಿನಾ ನೋಡುತ್ತೇವಲ್ಲ.

ಇಷ್ಟೆಲ್ಲ ನಮಗೆ ಬರುವ ಕೆಲಸ. ಬರದೇ ಇದ್ದ ಕೆಲಸ ಅಂದರೆ ಅವಳ ಜೊತೆ ಕೂರುವುದು.

ಕಂಪನಿಯಲ್ಲಿ ಹೇಳಿಕೊಡುವುದು ಮೂರು ಗುಡ್ಡೆ: ಇಡುವುದು, ಕೊಡುವುದು, ಎಸೆಯುವುದು. ಅವಳ ಮುಂದೆ ಅದು ನಡೆಯಲಿಲ್ಲ. ತೊಳೆದು ಒಣಗಿಸಿ ಕಟ್ಟಿಟ್ಟ ಹಾಲಿನ ಕವರಿನ ಕಂತೆಗಳನ್ನು ಯಾವ ಗುಡ್ಡೆಗೆ ಹಾಕಲಿ ಎಂದರೆ, ಅವಳು ಅದನ್ನು ಹಿಡಿದುಕೊಂಡು ಸುಮ್ನೆ ಕೂತಳು. ಕಟ್ಟಿದ್ದು ಅಮ್ಮ. ದೊಡ್ಡಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಮೊದಲು ಯೋಚನೆ ಮಾಡೋ ಹಂಗೇ ಇಲ್ಲದ್ದು ತೆಗೀರಿ" ಎಂದರು. ಡೇಟ್ ಮುಗಿದ ಮಾತ್ರೆ, ಕೊಳೆತ ತರಕಾರಿ, ಖಾಲಿ ಬಾಟಲಿ. ಆಮೇಲೆ ಬಾಗಿಲಿನಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಮಂಚಕ್ಕೆ, ಮಂಚದಿಂದ ಒಲೆಗೆ ಒಂದು ದಾರಿ. ಅವತ್ತು ರಾತ್ರಿ ಅವಳು ಮಂಚದ ಮೇಲೆ ಮಲಗಿದಳು. ಆ ಒಂದು ರಾತ್ರಿಯ ನಿದ್ದೆಯಿಂದ ಅವಳಿಗೆ ಬಂದ ಧೈರ್ಯ ನನ್ನ ಯಾವ ಮಾತಿನಿಂದಲೂ ಬಂದಿರಲಿಲ್ಲ.

ದೇವರ ಮನೆ ಬಾಗಿಲಲ್ಲಿ ದೊಡ್ಡಕ್ಕ ನಿಂತುಬಿಟ್ಟರು. "ನಾನು ಮುಟ್ಟಬಹುದಾ ಅಮ್ಮಾ?" ಎಂದು ಕೇಳಿದರು. ಎಲ್ಲ ಮನೆಯಲ್ಲೂ ಅವರು ಹೀಗೆ ಕೇಳುತ್ತಾರೆ. ಕಮೋಡ್ ಉಜ್ಜುವಾಗ ಯಾರೂ ಕೇಳಿಸಿಕೊಳ್ಳದ ಈ ಪ್ರಶ್ನೆಯನ್ನು ಅವರು ಇಲ್ಲಿ ಬಂದು ಕೇಳಬೇಕಾಗಿರುವುದು ನನಗೆ ಯಾವಾಗಲೂ ಸಂಕಟ. ಗೆಳತಿ, "ನೀವೇ ಇಳಿಸಿಕೊಡಿ ಅಕ್ಕಾ, ನನ್ನ ಕೈ ನಡುಗುತ್ತೆ" ಎಂದಳು. ಗೆದ್ದಲು ತಿಂದ ಚೌಕಟ್ಟು, ಒಡೆದ ಗಾಜು, ಮಸಿ ಹಿಡಿದ ಲಕ್ಷ್ಮಿ. ಅಶ್ವತ್ಥ ಕಟ್ಟೆಯ ಮೇಲೆ ಇಟ್ಟು ಬರೋಣ ಎಂದಳು. ಅಲ್ಲಿ ಮಳೆಗೆ ನೆನೆದು, ಗಾಜು ಯಾರ ಕಾಲಿಗೋ ಚುಚ್ಚುತ್ತದೆ ಎಂದೆ. ಗಾಜು, ಕಟ್ಟು ಬೇರೆ ಮಾಡಿ, ಚಿತ್ರಗಳನ್ನು ಬಕೆಟ್ ನೀರಿನಲ್ಲಿ ನೆನೆಸಿಟ್ಟೆವು. ಅರಿಶಿನ ಹಾಕಿ ಕೈಮುಗಿದು ಬಿಟ್ಟಳು.

ಅಮ್ಮನ ಬೀರುವಿನಲ್ಲಿ ರವಿಕೆ ಕಣಗಳು. ತಾಂಬೂಲದ ಜೊತೆ ಬಂದವು, ಹೊಲಿಸದೆ ಮಡಿಸಿಟ್ಟವು. ಯಾವುದು ಯಾರ ಮನೆಯ ಸೀಮಂತಕ್ಕೆ ಬಂದದ್ದು, ಯಾರ ಗೃಹಪ್ರವೇಶದ್ದು ಎಂದು ಅವಳಿಗೆ ನೆನಪಿತ್ತು. ಸೈಟ್‌ನಲ್ಲಾಗಿದ್ದರೆ ನಾವು ಐದು ನಿಮಿಷದಲ್ಲಿ ಕಟ್ಟಿ ಆಚೆ ಇಡುತ್ತಿದ್ದೆವು, ಸಮಯದೊಳಗೆ ಮುಗಿಸಿದೆವು ಎಂದು ಸ್ಟಾರ್ ಕೂಡ ಸಿಗುತ್ತಿತ್ತು. ಇಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಒಂದೊಂದನ್ನೂ ಬಿಡಿಸಿ, ಕಥೆ ಹೇಳಿ, ಮಡಿಸಿದಳು. ಕೊನೆಗೆ ನಾಲ್ಕು ಇಟ್ಟುಕೊಂಡು, ಉಳಿದದ್ದನ್ನು ಅಮ್ಮನನ್ನು ನೋಡಿಕೊಂಡ ಆಯಾಗೆ ಕೊಡುತ್ತೇನೆ, ಅವರು ಹೊಲಿಗೆ ಹಾಕುತ್ತಾರೆ ಎಂದಳು. ಅದು ನನಗೆ ಹೊಳೆಯುತ್ತಿರಲಿಲ್ಲ. ಅವಳಿಗೆ ಮಾತ್ರ ಗೊತ್ತಿದ್ದ ಜಾಗ ಅದು.

ಕೆಲವರಿಗೆ ವಸ್ತು ಬಿಡಲಾಗದಿರುವುದೇ ಕಾಯಿಲೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ ಅದನ್ನು ಪ್ರತ್ಯೇಕವಾಗಿಯೇ ಸೇರಿಸಿದ್ದಾರೆ. ಅಂಥವರ ಮನೆಯನ್ನು ಬಲವಂತವಾಗಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ, ಅವರ ನೋವೂ ಜಾಸ್ತಿಯಾಗುತ್ತದೆ. ನನ್ನ ಗೆಳತಿಯದು ಅದೋ, ಸುಸ್ತೋ, ದುಃಖವೋ ಎಂದು ಹೇಳುವುದು ಕ್ಲೀನಿಂಗ್ ಸೂಪರ್‌ವೈಸರ್ ಕೆಲಸವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅವಳು ಮಾಡಿದಳು. ಮುಂದಿನದು ಅವಳ ವಿಷಯ.

ಸೋಮವಾರದ ಬ್ರೀಫಿಂಗ್‌ನಲ್ಲಿ ಮ್ಯಾನೇಜರ್‌ಗೆ ಎರಡು ವಿಷಯ ಕೇಳಿದೆ. ಬುಕಿಂಗ್ ಫಾರ್ಮ್‌ನಲ್ಲಿ, ಕಳೆದ ಎರಡು ದಿನದಲ್ಲಿ ಮನೆಯಲ್ಲಿ ಯಾವ ಕೆಮಿಕಲ್ ಹಾಕಿದ್ದೀರಿ ಎಂಬ ಪ್ರಶ್ನೆ ಸೇರಿಸಿ. ವಿಂಗಡಿಸುವ ಕೆಲಸಕ್ಕೆ ಸ್ಕ್ವೇರ್ ಫೀಟ್ ಬದಲು ಗಂಟೆ ಲೆಕ್ಕ ಹಾಕಿ. ಫಾರ್ಮ್ ಉದ್ದ ಆದರೆ ಕಸ್ಟಮರ್ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಎಂದರು. ಗಂಟೆ ಲೆಕ್ಕಕ್ಕೆ ಉತ್ತರವೇ ಬರಲಿಲ್ಲ. ಹುಡುಗ ಆಸ್ಪತ್ರೆಯಲ್ಲಿ ಕೂತಿದ್ದು ರಜೆಯ ದಿನವಾದ್ದರಿಂದ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಬರೆಯುವ ನಮ್ಮ ನಿಯರ್ ಮಿಸ್ ರಿಜಿಸ್ಟರ್‌ಗೂ ಅದು ಬರಲಿಲ್ಲ. ರಿಜಿಸ್ಟರ್ ಖಾಲಿ ಇದ್ದರೆ ಅಪಾಯವೇ ಇಲ್ಲ ಎಂದು ಮೇಲಿನವರು ಓದುತ್ತಾರೆ. ಇದಕ್ಕೆ ನನಗೆ ನಿಜವಾಗಿಯೂ ಸಿಟ್ಟಿದೆ.

ಈಗ ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲೇ ಕೇಳುತ್ತೇನೆ. "ಹಾಕಿದ್ದೀರಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಅದಕ್ಕೆ, "ನಾವು ಬರುವ ಮುಂಚೆ ಎಲ್ಲರೂ ಸ್ವಲ್ಪ ಏನಾದರೂ ಹಾಕಿರುತ್ತಾರೆ, ನೀವು ಏನು ಹಾಕಿದ್ದೀರಿ? ಆ ಪ್ಯಾಕೆಟ್ ತೋರಿಸಿ" ಎನ್ನುತ್ತೇನೆ. ಆಗ ಒಳಗೆ ಹೋಗಿ ತಂದು ತೋರಿಸುತ್ತಾರೆ. ಮೊನ್ನೆ ಜಯನಗರದ ಒಂದು ಮನೆಯಲ್ಲಿ ವಯಸ್ಸಾದ ಯಜಮಾನರು ಆಸಿಡ್ ಬಾಟಲಿ, ಬ್ಲೀಚಿಂಗ್ ಪೌಡರ್ ಎರಡನ್ನೂ ತಂದು ಮುಂದಿಟ್ಟರು. ಯಾವುದು ಮೊದಲು ಹಾಕಿದಿರಿ ಎಂದೆ. ಇನ್ನೂ ಹಾಕಿಲ್ಲಮ್ಮ, ನೀವು ಬೇಗ ಬಂದುಬಿಟ್ಟಿರಿ ಎಂದರು.