ಕೇರಂ ಬೋರ್ಡ್ ಮೇಲೆ ಮೈನಸ್ಸು

ಮಳೆಗೆ ಮುಂಬೈನ ಚೆಂಬೂರೆಲ್ಲ ನೀರು, ಟ್ಯೂಷನ್ ಮಕ್ಕಳು ಕೇರಂ ಬೋರ್ಡ್ ನೋಡಿದ್ದೇ ಪುಸ್ತಕ ಮುಚ್ಚಿಬಿಟ್ರು. ಸರಿ, ಇದ್ರಲ್ಲೇ ಲೆಕ್ಕ ಮಾಡಿ ಅಂದೆ. ಬಿಳಿ ಕಾಯಿನ್ ಪ್ಲಸ್ 1, ಕಪ್ಪು ಮೈನಸ್ 1, ಒಂದು ಬಿಳಿ ಒಂದು ಕಪ್ಪು ಜೋಡಿ ಆದ್ರೆ ಸೊನ್ನೆ.

3ರಿಂದ ಮೈನಸ್ 2 ಕಳೀಬೇಕು. ಬೋರ್ಡ್ ಮೇಲೆ ಬರೀ ಮೂರು ಬಿಳಿ.

"ಟೀಚರ್, ಕಪ್ಪೇ ಇಲ್ವಲ್ಲ, ಏನ್ ತೆಗೀಲಿ?" ಅಂದ್ಳು ಒಬ್ಬ ಹುಡುಗಿ.

ಎರಡು ಜೋಡಿ ಸೊನ್ನೆ ಇಡು ಅಂದೆ, ಇಟ್ಟಳು, ಕಪ್ಪು ಎರಡನ್ನೂ ಎತ್ಕೊಂಡು ಉಳಿದ ಬಿಳೀನ ಬೆರಳಲ್ಲಿ ಒಂದೊಂದೇ ತಳ್ಳಿ ಎಣಿಸಿದ್ಳು. ಐದು! ನಂಬಿಕೆ ಬರದೆ ಮತ್ತೆ ಎಣಿಸಿದ್ಳು.

ನಮ್ಮ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಧನ ಋಣ ಅಂತ ಇದಕ್ಕೆಲ್ಲ ನಿಯಮ ಬರೆದಿಟ್ಟಿದ್ದಾನೆ, ನಾವಿನ್ನೂ 'ಮೈನಸ್ಸು ಮೈನಸ್ಸು ಪ್ಲಸ್ಸು' ಅಂತ ಬಾಯಿಪಾಠ ಮಾಡಿಸ್ತೀವಿ, ಯಾಕೆ ಅಂತ ಮಕ್ಕಳು ಕೇಳಿದ್ರೆ ಸಿಟ್ಟು ಬೇರೆ.

ಮೈನಸ್ಸನ್ನ ಮೈನಸ್ಸಿಂದ ಗುಣಿಸೋಕೆ ಮಾತ್ರ ಕೇರಂ ಸರಿಯಾಗಿ ಒಗ್ತಿಲ್ಲ, ಯಾರ ಹತ್ರನಾದ್ರೂ ಐಡಿಯಾ ಇದ್ರೆ ಹೇಳ್ರಪ್ಪ.