ಕಿವಿಗೆ ಬೀಳಬಾರದ ಟೋನ್

ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ದಿನಾ ಮಾತಾಡುವ ಎರಡು ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಜ್ ಆಸುಪಾಸು) ರಿಪೀಟರ್‌ಗೆ, ಅಂದರೆ ನಮ್ಮ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಸ್ಟೇಷನ್‌ಗೆ, ಟೋನ್ ಹಾಕಿದ್ದು ಒಳ್ಳೇದೇ ಆಯ್ತು. ಅದಕ್ಕೆ ಮುಂಚೆ ಎಲ್ಲಿಂದಲೋ ಬಂದ ಇಂಟರ್‌ಫಿಯರೆನ್ಸ್‌ಗೆಲ್ಲ ಸಿಗ್ನಲ್ ಇಲ್ಲದಾಗ ಸದ್ದು ತಡೆಯುವ ಸ್ಕ್ವೆಲ್ಚ್ ತೆರೆದುಕೊಂಡು, ಯಾರೂ ಮಾತಾಡದಿದ್ದರೂ ರಾತ್ರಿಯೆಲ್ಲ ಗೊರಗೊರ ಅಂತಿತ್ತು. ಈಗ ಮಾತಿನ ಅಡಿಯಲ್ಲಿ, ಕೇಳುವವರ ಕಿವಿಗೆ ಬೀಳದ ಹಾಗೆ, 88.5 ಹರ್ಟ್ಜ್‌ನ ಟೋನ್ (ಸಿಟಿಸಿಎಸ್ಎಸ್ ಅನ್ನುತ್ತಾರೆ) ಜತೆಗಿದ್ದರೆ ಮಾತ್ರ ಓಗೊಡುತ್ತದೆ. ಇದೇನು ಗುಟ್ಟಿನ ಬೀಗ ಅಲ್ಲ, ಕೇಳಿದವರಿಗೆಲ್ಲ ಹೇಳುತ್ತಾರೆ.

ಪೇಚಾಟಕ್ಕೆ ಸಿಕ್ಕಿದ್ದು ನನ್ನ ಹಳೇ ಸೆಟ್. ಯಾವುದೋ ಟ್ಯಾಕ್ಸಿಯಲ್ಲಿ ದುಡಿದು ಗುಜರಿ ಸೇರಿದ್ದನ್ನು ತಂದು 145 ಮೆಗಾಹರ್ಟ್ಜ್‌ಗೆ ಎಳೆದದ್ದು. ಅದರಲ್ಲಿ ಟೋನ್ ಇಲ್ಲ. ಈಗಿನ ಅಗ್ಗದ ಚೀನಾ ಹ್ಯಾಂಡಿಗಳಲ್ಲೂ (ಕೈಯಲ್ಲಿ ಹಿಡಿಯುವ ಸೆಟ್) ಅದು ಮೆನುವಿನಲ್ಲೇ ಸಿಗುತ್ತದೆ, ನಿಜ. ಆದರೂ ಇಷ್ಟು ಗಟ್ಟಿಯಾದ ಸೆಟ್ಟನ್ನು ಅಟ್ಟಕ್ಕೆ ಹಾಕೋಕೆ ಮನಸ್ಸಾಗಲಿಲ್ಲ.

ಟೋನ್ ನಾನೇ ಹುಟ್ಟಿಸೋಣ ಅಂದುಕೊಂಡೆ. 555 ಟೈಮರ್ ಐಸಿ ಮನೆಯಲ್ಲೇ ಇತ್ತು. ನಮ್ಮ ಹಿರಿಯ ಹ್ಯಾಮ್ ಒಬ್ಬರು ಫೋನಿನಲ್ಲೇ ತಡೆದರು: "ಅದು ಬೇಡಪ್ಪ, ಚೌಕದ ಅಲೆ ಕೊಡುತ್ತೆ. ಅದರ ಹಾರ್ಮೋನಿಕ್ಸ್, ಅಂದರೆ ಮೂರು ಪಟ್ಟು, ಐದು ಪಟ್ಟಿನ ಅಲೆಗಳು, ನಿನ್ನ ಮಾತಿನೊಳಗೆ ಗುಂಯ್ ಅನ್ನುತ್ತೆ. ನಯವಾದ ಸೈನ್ ಅಲೆ ಕೊಡೋ ವೀನ್ ಬ್ರಿಡ್ಜ್ ಆಸಿಲೇಟರ್ ಕಟ್ಟು." ಲೆಕ್ಕ ಸರಿಯೇ. 88.5ರ ಮೂರನೇ ಹಾರ್ಮೋನಿಕ್ 265.5, ಐದನೆಯದು 442.5. ಮಾತಿನ ಜಾಗವೇ ಅದು.

ವೀನ್ ಬ್ರಿಡ್ಜ್‌ಗೆ ಒಂದು ಆಪ್-ಆಂಪ್ (ಆಂಪ್ಲಿಫೈಯರ್ ಐಸಿ), ಎರಡು ಜೋಡಿ ಆರ್‌ಸಿ (ರೆಸಿಸ್ಟರ್, ಕೆಪಾಸಿಟರ್), ಅಲೆಯ ಎತ್ತರ ಹಿಡಿತದಲ್ಲಿಡಲು ಎರಡು ಡಯೋಡ್ ಇದ್ದರೆ ಹೆಚ್ಚುಕಡಿಮೆ ಸಾಕು. 0.1 ಮೈಕ್ರೋಫ್ಯಾರಡ್ ಜತೆ 18ಕೆ ರೆಸಿಸ್ಟರ್ ಹಾಕಿದರೆ 88.4 ಹರ್ಟ್ಜ್ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅಳತೆಗಳಿಗೇ ಹೇಳಿ ಮಾಡಿಸಿದ ಹಾಗೆ, ಅಲ್ವಾ? ಆದರೆ ಇದು ಕಾಗದದ ಮೇಲಿನ ಮಾತು. ಕೆಪಾಸಿಟರ್ ಶೇಕಡಾ 10 ಆಚೀಚೆ ಇರಬಹುದು. ಸಿಟಿಸಿಎಸ್ಎಸ್ ಪಟ್ಟಿಯಲ್ಲಿ ಪಕ್ಕದ ಟೋನ್‌ಗಳೋ 85.4 ಮತ್ತು 91.5, ಕೂಗಳತೆಯಲ್ಲೇ ಇವೆ. ಅದಕ್ಕೇ ಒಂದು 18ಕೆ ಬದಲು 15ಕೆ ಜತೆ 5ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಡಿಸ್ಕ್ ಸೆರಾಮಿಕ್ ಬಿಟ್ಟು ಪಾಲಿಯೆಸ್ಟರ್ ಕೆಪಾಸಿಟರ್ ಕೇಳಿ ತಂದೆ. ಬಿಸಿಲೇರಿದಾಗ ಸೆರಾಮಿಕ್ ನಂಬುವ ಹಾಗಿಲ್ಲ.

ಅಳೆಯೋದು ಇನ್ನೊಂದು ತಮಾಷೆ. ಒಂದು ಸೆಕೆಂಡ್ ಎಣಿಸುವ ಫ್ರೀಕ್ವೆನ್ಸಿ ಕೌಂಟರ್ 88 ಇಲ್ಲವೇ 89 ತೋರಿಸುತ್ತದೆ, ಅರ್ಧ ಹರ್ಟ್ಜ್ ಅದರ ಕಣ್ಣಿಗೆ ಬೀಳುವುದಿಲ್ಲ. ಹತ್ತು ಸೆಕೆಂಡಿಗೆ ಇಟ್ಟುಕೊಂಡು ಪ್ರಿಸೆಟ್ ತಿರುಗಿಸುತ್ತಾ ಕೂತೆ. ಒಂಚೂರು ತಿರುಗಿಸು, ಕಾಯಿ, ನೋಡು. ಕಾಫಿ ತಣ್ಣಗಾಯ್ತು. ಕೊನೆಗೆ 88.5ರಲ್ಲಿ ನಿಂತಿತು.

ಮುಖ್ಯವಾದದ್ದು ಆಮೇಲೆ. ಈ ಟೋನನ್ನು ಮೈಕ್ ಸಾಕೆಟ್‌ಗೆ ಕೊಟ್ಟು ಪ್ರಯೋಜನವಿಲ್ಲ. 300 ಹರ್ಟ್ಜ್‌ಗಿಂತ ಕೆಳಗಿನದನ್ನು ಸೆಟ್ಟಿನ ಆಡಿಯೋ ಭಾಗ ಜರಡಿ ಹಿಡಿದುಬಿಡುತ್ತದೆ. ಅದೆಲ್ಲ ದಾಟಿದ ಮೇಲೆ, ಧ್ವನಿಯನ್ನು ರೇಡಿಯೋ ಅಲೆಗೆ ಏರಿಸುವ ಮಾಡ್ಯುಲೇಟರ್‌ನ ವ್ಯಾರಾಕ್ಟರ್ ಡಯೋಡ್ ಹತ್ತಿರ, ಒಂದು ದೊಡ್ಡ ರೆಸಿಸ್ಟರ್ ಮೂಲಕ ಸೇರಿಸಬೇಕು. ಸರ್ಕ್ಯೂಟ್ ಚಿತ್ರ ಇಲ್ಲದ ಸೆಟ್ಟಿನಲ್ಲಿ ಆ ಬಿಂದು ಹುಡುಕೋದೇ ಅರ್ಧ ದಿನದ ಕೆಲಸ. ಆಸಿಲೇಟರ್ ಕಟ್ಟೋದು ಇದರ ಮುಂದೆ ಏನೂ ಅಲ್ಲ.

ಮಟ್ಟವೂ ಸರಿಯಿರಬೇಕು. ಒಟ್ಟು ಡೀವಿಯೇಶನ್ (ಧ್ವನಿಗೆ ತಕ್ಕಂತೆ ಫ್ರೀಕ್ವೆನ್ಸಿ ಆಚೀಚೆ ಸರಿಯುವ ಅಳತೆ) 5 ಕಿಲೋಹರ್ಟ್ಜ್ ಆದರೆ ಟೋನ್‌ಗೆ ಅದರಲ್ಲಿ ಸುಮಾರು 500ರಿಂದ 750 ಹರ್ಟ್ಜ್ ಸಾಕು. ನನ್ನ ಹತ್ತಿರ ಡೀವಿಯೇಶನ್ ಮೀಟರ್ ಇಲ್ಲ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ಪಕ್ಕದ ಕೋಣೆಯಲ್ಲಿ ಹ್ಯಾಂಡಿಯಲ್ಲಿ ಕೇಳುತ್ತಾ, ಗುಂಯ್ ಅನ್ನೋದು ಮಾಯವಾಗುವವರೆಗೆ ಇಳಿಸಿದೆ. ಆಮೇಲೆ ಆಂಟೆನಾಗೆ ಹಾಕಿ ಮೈಕಿನ ಬಟನ್ ಒತ್ತಿ ಬಿಟ್ಟೆ. ರಿಪೀಟರ್‌ನ ಬಾಲ, ಅಂದರೆ ಬಟನ್ ಬಿಟ್ಟ ಮೇಲೂ ಒಂದು ಕ್ಷಣ ಉಳಿಯುವ ಅದರ ಸಿಗ್ನಲ್, ಕೇಳಿಸಿತು.

"ಆಡಿಯೋ ಚೆನ್ನಾಗಿದೆ ಓಎಂ, ಹಮ್ ಇಲ್ಲ. ಹೊಸ ಸೆಟ್ಟಾ?" ಅಂದರು ಒಬ್ಬರು. (ಓಎಂ ಅಂದರೆ ಓಲ್ಡ್ ಮ್ಯಾನ್, ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯೋದು ಹಾಗೆ.)

"ಇಲ್ಲ ಸರ್, ಅದೇ ಡಬ್ಬಾ" ಅಂದೆ.

ಈಗ ಇನ್ನೊಂದು ರಿಪೀಟರ್‌ಗೆ 123.0 ಬೇಕಂತೆ. ಅದಕ್ಕೆ ಲೆಕ್ಕದಲ್ಲಿ 12.9ಕೆ ಬರುತ್ತದೆ. ಎರಡೂ ರೆಸಿಸ್ಟರ್‌ಗಳನ್ನು ಒಟ್ಟಿಗೇ ಬದಲಿಸುವ ಎರಡು ದಾರಿಯ ಒಂದು ಸ್ವಿಚ್ ಸಾಕು.