ಹುಲ್ಲು ಹುಟ್ಟದ ತೊಟ್ಟೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ನರ್ಸರಿಯಲ್ಲಿ ಸಸಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಡಿಕೆ, ಕೊಕ್ಕೋ, ಒಳ್ಳೆಮೆಣಸು (ಕಾಳುಮೆಣಸು), ಜಾಯಿಕಾಯಿ. ಸಸಿ ಚೆನ್ನಾಗಿ ಬಂದರೆ ತಳಿ ಒಳ್ಳೆಯದು ಎನ್ನುತ್ತಾರೆ, ಸತ್ತರೆ ನನ್ನನ್ನು ಕರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಎಂಟು ನೂರು ಒಳ್ಳೆಮೆಣಸಿನ ಬಳ್ಳಿಗಳ ವಿಷಯದಲ್ಲಿ ಹಾಗೆ ಕರೆಸಿಕೊಂಡಿದ್ದೆ. ತಪ್ಪು ಪೂರ್ತಿ ನನ್ನದೇ.

ತೊಟ್ಟೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ತುಂಬಲು ಮಣ್ಣು ಬೇಕಿತ್ತು. ನಮ್ಮ ಮುರಕಲ್ಲಿನ ಊರಿನಲ್ಲಿ ಒಂದು ಲೋಡು ಒಳ್ಳೆಯ ಮೇಲ್ಮಣ್ಣು ಹೊಂದಿಸುವುದೆಂದರೆ ಸುಲಭವಲ್ಲ. ಧನಿಗಳ ಅಡಿಕೆ ತೋಟದ ಮೂಲೆಯಲ್ಲಿ, ಪಂಪ್ ಶೆಡ್ಡಿನ ಹಿಂದೆ, ಸೋಗೆ ಕೊಳೆತು ಕಪ್ಪಾದ ಮಣ್ಣು ಕಂಡಿತು. ಕೈಯಲ್ಲಿ ಹಿಡಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು ಎಂದು ಖುಷಿಯಾಗಿ, ಮರಳು ಮತ್ತು ಸೆಗಣಿ ಗೊಬ್ಬರ ಸೇರಿಸಿ ತುಂಬಿಸಿದೆ. ಶೆಡ್ಡಿನ ಗೋಡೆ ಮೊಣಕಾಲೆತ್ತರದವರೆಗೆ ನೀಲಿ ಹಸಿರಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಬಳ್ಳಿ ಚಿಗುರಿತು. ಮೇ ತಿಂಗಳ ಹೊತ್ತಿಗೆ ಹೊಸ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರು, ನಡುವೆಲ್ಲ ಬಿಳುಚು. ಇದನ್ನು ನೋಡಿದರೆ ಕಬ್ಬಿಣದ ಕೊರತೆ ಎಂದು ಹೇಳಲು ಯಾರಿಗೂ ಹೆಚ್ಚು ಹೊತ್ತು ಬೇಡ. ನಾನೂ ಹೇಳಿದೆ. ಕಬ್ಬಿಣದ ಲವಣವಾದ ಅನ್ನಭೇದಿಯನ್ನು ತೆಳ್ಳಗೆ ಕರಗಿಸಿ ಎಲೆಗೆ ಸಿಂಪಡಿಸಿದೆವು. ಒಂದು ವಾರ ಎಲೆಗಳು ಸ್ವಲ್ಪ ಹಸಿರಾದವು, ನಾನು ಸ್ವಲ್ಪ ಬೀಗಿದೆ. ಆಮೇಲೆ ಬಂದ ಎಲೆ ಮೊದಲಿಗಿಂತ ಸಣ್ಣದು, ಮೊದಲಿಗಿಂತ ಹಳದಿ. ಎಲೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಕಬ್ಬಿಣ ಕಡಿಮೆ, ಉಳಿದದ್ದರಲ್ಲಿ ಎದ್ದು ಕಾಣುವಂಥದ್ದು ಏನೂ ಇಲ್ಲ ಎಂದು ಬಂತು. ತಾಮ್ರದ ಅಂಕಿಯೂ ಅದೇ ಕಾಗದದಲ್ಲಿತ್ತು, ಸಾಮಾನ್ಯ ಮಿತಿಯೊಳಗೆ. ಮತ್ತೆ ಅನ್ನಭೇದಿ.

ಜೂನ್ ಮಳೆ ಹಿಡಿಯಿತು. ನಮ್ಮಲ್ಲಿ ತೊಟ್ಟೆಗಳ ಕಳೆ ಕೀಳುವ ಒಬ್ಬರು ಹಿರಿಯ ಅಕ್ಕ ಇದ್ದಾರೆ. ಸಾಲಿನಿಂದ ಸಾಲಿಗೆ ಕುಕ್ಕರಗಾಲಿನಲ್ಲಿ ಸರಿಯುತ್ತಾ ದಿನಕ್ಕೆ ಸಾವಿರಾರು ತೊಟ್ಟೆ ನೋಡುವವರು. ಒಂದು ಸಂಜೆ ಕೈ ತೊಳೆಯುತ್ತಾ ಹೇಳಿದರು: “ಅಣ್ಣಾ, ನಿಮ್ಮ ಮೆಣಸಿನ ಸಾಲಿನಲ್ಲಿ ನನಗೆ ಕೆಲಸವೇ ಇಲ್ಲ. ಹುಲ್ಲು ಹುಟ್ಟುವುದೇ ಇಲ್ಲ. ಪಾಚಿಯೂ ಕಟ್ಟಿಲ್ಲ.”

ಕಾಸರಗೋಡಿನ ಮಳೆಗಾಲದಲ್ಲಿ ಪಾಚಿ ಕಟ್ಟದ ಮಣ್ಣು! ಇಲ್ಲಿ ಚಪ್ಪಲಿಯನ್ನು ನಾಲ್ಕು ದಿನ ಹೊರಗೆ ಬಿಟ್ಟರೂ ಹಸಿರಾಗುತ್ತದೆ. ಬ್ಯಾಟರಿ ಹಿಡಿದುಕೊಂಡು ಹೋಗಿ ನೋಡಿದೆ. ಪಕ್ಕದ ಕೊಕ್ಕೋ ತೊಟ್ಟೆಗಳ ಮೇಲೆ ಹಸಿರು ಮಖಮಲ್ಲು, ನನ್ನ ಎಂಟು ನೂರರಲ್ಲಿ ಬೋಳು ಮಣ್ಣು. ಒಂದು ತೊಟ್ಟೆಯನ್ನು ಬ್ಲೇಡಿನಿಂದ ಸೀಳಿ ಬೇರನ್ನು ನೀರಿನಲ್ಲಿ ಅಲುಗಿಸಿದೆ. ಮೂರು ತಿಂಗಳ ಬಳ್ಳಿಗೆ ಬಿಳಿ ಬೇರಿನ ಗೊಂಚಲು ತೊಟ್ಟೆಯ ತಳ ಮುಟ್ಟಿರಬೇಕು. ಇಲ್ಲಿ ಒಂದು ಅಂಗುಲದ ಕಂದು ಮೋಟುಗಳು, ತುದಿ ದಪ್ಪ, ಪಕ್ಕದಲ್ಲಿ ಹಲ್ಲಿನ ಹಾಗೆ ಗಿಡ್ಡ ಕವಲುಗಳು. ಆಗ ಆ ನೀಲಿ ಗೋಡೆ ನೆನಪಾಯಿತು.

ಆ ಜಾಗದಲ್ಲಿ ಸುಮಾರು ಮೂವತ್ತು ವರ್ಷ ಮದ್ದು ಕಲಸಿದ್ದಾರೆ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ: ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಫ್ರಾನ್ಸಿನಲ್ಲಿ 1885ರಲ್ಲಿ ಮಿಯಾರ್ದೆ ದ್ರಾಕ್ಷಿಗೆಂದು ಪ್ರಕಟಿಸಿದ ಮದ್ದು ಇದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಅಡಿಕೆ ತೋಟಗಳಿಗೆ ತಂದರು. ಅದಿಲ್ಲದೆ ಇಲ್ಲಿ ಅಡಿಕೆ ಉಳಿಯುತ್ತಿರಲಿಲ್ಲ, ಹಾಗಾಗಿ ನಾನು ಅದರ ವೈರಿಯಲ್ಲ. ಆದರೆ ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಬ್ಯಾರಲ್ಲಿನಲ್ಲಿ ಅರ್ಧ ಕಿಲೋ. ಮರಕ್ಕೆ ಬಿಟ್ಟದ್ದು ತೋಟದ ತುಂಬ ಹರಡಿ ಹೋಗುತ್ತದೆ. ಕಲಸುವಾಗ ಚೆಲ್ಲಿದ್ದು, ಬ್ಯಾರಲ್ ತೊಳೆದದ್ದು, ತಳದ ಗಸಿ, ಎಲ್ಲವೂ ವರ್ಷ ವರ್ಷ ಒಂದೇ ಜಾಗದಲ್ಲಿ ಬೀಳುತ್ತದೆ. ಸುಣ್ಣವೂ ಬಿದ್ದಿತ್ತಲ್ಲ, ಅದು ತಾಮ್ರವನ್ನು ಕಟ್ಟಿಹಾಕಬೇಕಿತ್ತಲ್ಲ ಎಂದು ತಿಳಿದವರು ಕೇಳಬಹುದು. ಸುಣ್ಣವನ್ನು ನಮ್ಮ ಮಳೆ ತೊಳೆದುಕೊಂಡು ಹೋಗುತ್ತದೆ, ಮಣ್ಣು ಮತ್ತೆ ಹುಳಿಯಾಗುತ್ತದೆ. ತಾಮ್ರ ಹೋಗುವುದಿಲ್ಲ. ಕೊಳೆತ ಸೋಗೆಯ ಕಪ್ಪು ಸಾರಕ್ಕೆ ಅಂಟಿಕೊಂಡು ಮೇಲಿನ ಒಂದು ಗೇಣಿನಲ್ಲೇ ಕೂರುತ್ತದೆ. ನಾನು ಮೆಚ್ಚಿ ಕೆರೆಸಿದ್ದು ಸರಿಯಾಗಿ ಆ ಒಂದು ಗೇಣನ್ನೇ.

ಹಾಗಾದರೆ ಎಲೆಯ ಪರೀಕ್ಷೆಯಲ್ಲಿ ತಾಮ್ರ ಯಾಕೆ ಕಾಣಲಿಲ್ಲ? ಇದು ನನಗೆ ಆಮೇಲೆ ಓದಿ ತಿಳಿದದ್ದು. ಗಿಡಕ್ಕೆ ತಾಮ್ರ ಬೇಕು, ಬೆಳಕಿನಿಂದ ಆಹಾರ ತಯಾರಿಸುವ ವ್ಯವಸ್ಥೆಯಲ್ಲೇ ಅದಕ್ಕೊಂದು ಜಾಗವಿದೆ. ಆದರೆ ಒಣ ಎಲೆಯ ಒಂದು ಕಿಲೋಗೆ ಕೆಲವೇ ಮಿಲಿಗ್ರಾಂ ಸಾಕು. ಹೆಚ್ಚಾದದ್ದನ್ನು ಗಿಡ ಬೇರಿನಲ್ಲೇ ತಡೆದು ನಿಲ್ಲಿಸುತ್ತದೆ, ಮೇಲಕ್ಕೆ ಬಿಡುವುದಿಲ್ಲ. ಬೇರಿನ ಜೀವಕೋಶದ ಗೋಡೆ ಸ್ವಲ್ಪ ಹಿಡಿಯುತ್ತದೆ. ಒಳಗೆ ನುಗ್ಗಿದ್ದನ್ನು ಹಿಡಿಯಲು ಗಿಡ ಗಂಧಕವಿರುವ ಚಿಕ್ಕ ಸರಪಳಿಗಳನ್ನು ಸ್ಥಳದಲ್ಲೇ ಹೆಣೆಯುತ್ತದೆ. ಲೋಹ ಬಂದಾಗಲೇ ಹೆಣೆಯುವ ಕೆಲಸ ಜೋರಾಗುತ್ತದೆ. ಇವಕ್ಕೆ ಫೈಟೋಕೆಲಾಟಿನ್ ಎಂದು ಹೆಸರು. ಕ್ಯಾಡ್ಮಿಯಮ್ಮಿನಂಥ ಲೋಹವನ್ನು ಹೀಗೆ ಕಟ್ಟಿ ಕೋಶದೊಳಗಿನ ಚೀಲಕ್ಕೆ ತುಂಬಿಡುತ್ತದೆ. ಇವನ್ನು ಜರ್ಮನಿಯ ವಿಜ್ಞಾನಿಗಳು ಕಂಡು ಪ್ರಕಟಿಸಿದ್ದು 1985ರಲ್ಲಿ. ಬೋರ್ಡೋ ದ್ರಾವಣಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ!

ತಡೆದು ನಿಲ್ಲಿಸಿದ್ದಕ್ಕೆ ಬೇರು ಬೆಲೆ ತೆರುತ್ತದೆ. ಹೀಗೆ ಕಟ್ಟಿಹಾಕಲು ಸಿಗದೆ ಉಳಿದ ತಾಮ್ರ ಕೋಶದ ಪೊರೆಯನ್ನು ಸುಡುತ್ತದೆ, ಬೇರಿನ ತುದಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಮೋಟು ಬೇರಿನಿಂದ ಕಬ್ಬಿಣ ಮೇಲೇರುವುದು ಕಡಿಮೆಯಾಗುತ್ತದೆ. ಎಲೆಯಲ್ಲಿ ನಾನು ಕಂಡ ಕಬ್ಬಿಣದ ಕೊರತೆ ಸುಳ್ಳಲ್ಲ. ಅದು ದಾರಿಯ ಕೊನೆಯಲ್ಲಿತ್ತು, ನಾನು ಅದನ್ನೇ ಆರಂಭ ಎಂದುಕೊಂಡೆ.

ಮಣ್ಣನ್ನು ಪರೀಕ್ಷೆಗೆ ಕಳಿಸುವ ಮೊದಲು ಎರಡು ಗೆರಟೆಗಳಲ್ಲಿ ಹೆಸರುಕಾಳು ಬಿತ್ತಿದೆ. ಒಂದರಲ್ಲಿ ಶೆಡ್ಡಿನ ಹಿಂದಿನ ಮಣ್ಣು, ಇನ್ನೊಂದರಲ್ಲಿ ಗುಡ್ಡೆಯ ಮಣ್ಣು, ತಲಾ ಹತ್ತು ಕಾಳು. ಎರಡರಲ್ಲೂ ಮೊಳಕೆ ಬಂತು. ಮೇಲಿನಿಂದ ನೋಡಿದರೆ ದೊಡ್ಡ ವ್ಯತ್ಯಾಸವೇನಿಲ್ಲ. ಐದನೆಯ ದಿನ ಕಿತ್ತು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಮಲಗಿಸಿದೆ. ಗುಡ್ಡೆಯ ಮಣ್ಣಿನವು ಬೆರಳುದ್ದದ ಬೇರು ಬಿಟ್ಟಿದ್ದವು. ಇನ್ನೊಂದರಲ್ಲಿ ಅರ್ಧ ಅಂಗುಲ, ತುದಿ ಸುಟ್ಟ ಬೆಂಕಿಕಡ್ಡಿಯ ಹಾಗೆ. ಮಣ್ಣಿನ ವರದಿ ಆಮೇಲೆ ಅದನ್ನೇ ಅಂಕಿಗಳಲ್ಲಿ ಹೇಳಿತು. ಈಗ ಯಾವ ಹೊಸ ಮಣ್ಣು ಬಂದರೂ ಮೊದಲು ಗೆರಟೆ, ಹೆಸರುಕಾಳು, ಐದು ದಿನ. ಖರ್ಚು ಒಂದು ಹಿಡಿ ಹೆಸರು.

ಧನಿಗಳಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಜಿಲ್ಲೆಯಲ್ಲಿ ಮಣ್ಣಿನಲ್ಲಿ ವಿಷ ಎಂಬ ಮಾತನ್ನು ಸುಮ್ಮನೆ ಆಡುವ ಹಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಇಲ್ಲಿನ ಮನೆಗಳು ಮರೆತಿಲ್ಲ. “ಅದೂ ಇದೂ ಒಂದೆಯೋ?” ಎಂದು ಅವರು ಮೆಲ್ಲಗೆ ಕೇಳಿದರು. ಒಂದೇ ಅಲ್ಲ ಎಂದೆ. ಎಂಡೋಸಲ್ಫಾನ್ ಮನುಷ್ಯ ಮಾಡಿದ ರಾಸಾಯನಿಕ, ನಿಧಾನವಾಗಿಯಾದರೂ ಒಡೆಯುತ್ತದೆ. ತಾಮ್ರ ಮೂಲಧಾತು, ಒಡೆಯಲು ಅದರಲ್ಲಿ ಏನೂ ಇಲ್ಲ. ಹಾಗೆಂದು ತೋಟದ ತುಂಬ ಹೀಗೆಯೇ ಇದೆ ಎಂದಲ್ಲ, ತೊಂದರೆ ಕಲಸುವ ಜಾಗದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳ್ಳಿಯ ಲೆಕ್ಕ ಕೇಳಿದರು.

ಎಂಟು ನೂರನ್ನೂ ಬಿಚ್ಚಿ, ಬೇರು ತೊಳೆದು, ಬೇರೆ ಮಣ್ಣಿಗೆ ಹೆಚ್ಚು ಗೊಬ್ಬರ ಬೆರೆಸಿ ಮತ್ತೆ ನೆಟ್ಟೆವು. ಮೆಣಸಿನ ಬಳ್ಳಿ ಗಂಟಿನಿಂದ ಹೊಸ ಬೇರು ಬಿಡುತ್ತದೆ, ಅದರಿಂದಾಗಿ ಅರ್ಧಕ್ಕಿಂತ ತುಸು ಹೆಚ್ಚು ಉಳಿದವು. ಮಾರುವ ಹೊತ್ತಿಗೆ ಸೀಸನ್ ಮುಗಿದಿತ್ತು. ಮದ್ದು ಕಲಸಲು ಈಗ ಸಿಮೆಂಟಿನ ಕಟ್ಟೆ ಇದೆ. ಬ್ಯಾರಲ್ ತೊಳೆದ ನೀರು ಮುಂದಿನ ಬ್ಯಾರಲ್ಲಿಗೇ ಹೋಗುತ್ತದೆ.

ಕೆಟ್ಟ ಮಣ್ಣನ್ನು ಎಲ್ಲಿ ಹಾಕುವುದು ಎಂದು ತಿಳಿಯಲಿಲ್ಲ. ತೋಡಿಗೆ ಹಾಕುವ ಹಾಗಿಲ್ಲ, ಗುಡ್ಡ ಕೊರೆದು ಕುಡಿಯುವ ನೀರು ತೆಗೆಯುವ ಸುರಂಗದ ನೀರು ಇಳಿಯುವ ಕಡೆ ಅಂತೂ ಆಗದು. ಸುಣ್ಣ, ಸೆಗಣಿ ಬೆರೆಸಿ, ಟಾರ್ಪಾಲು ಹೊದಿಸಿ ಶೆಡ್ಡಿನ ಹಿಂದೆಯೇ ರಾಶಿ ಹಾಕಿದ್ದೇವೆ. ಕಳೆದ ಮಳೆಗಾಲದಲ್ಲಿ ಟಾರ್ಪಾಲು ಹರಿದ ಮೂಲೆಯಲ್ಲಿ ಒಂದು ಹಿಡಿ ಹುಲ್ಲು ಹುಟ್ಟಿತ್ತು. ಇಂಗ್ಲೆಂಡ್, ವೇಲ್ಸ್‌ಗಳ ಹಳೆಯ ಗಣಿಗಳ ಕಸದ ಗುಡ್ಡೆಗಳ ಮೇಲೆ, ಉಳಿದವು ಸತ್ತು, ತಾಮ್ರ ಸಹಿಸುವ ಹುಲ್ಲು ಮಾತ್ರ ಉಳಿದು ಹಬ್ಬಿದ್ದನ್ನು ನಾನು ಓದಿದ್ದೇನೆ. ಇದು ಹಾಗೆ ಬಂದದ್ದಕ್ಕಿಂತ ಸೆಗಣಿ ಬಿದ್ದ ಕಡೆ ಬಂದದ್ದೇ ಇರಬೇಕು.

ಅಕ್ಕ ಕತ್ತಿ ಹಿಡಿದು ನಿಂತು ಕೇಳಿದರು: “ಕೀಳಲಾ ಅಣ್ಣಾ?”

ಬೇಡ ಅಕ್ಕಾ, ಇರಲಿ ಎಂದೆ.